ಅಕ್ಕ ಬರೆದದ್ದು, ಅಕ್ಕ ಅಳಿಸಿದ್ದು

ನನ್ನ ಅಕ್ಕ ಸರ್ಕಾರಿ ನರ್ಸ್ ಆಗಿದ್ದಳು. ಹುನಗುಂದ ತಾಲ್ಲೂಕಿನ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರ ಅವಳದು. ಹೆರಿಗೆ, ಲಸಿಕೆ, ಜ್ವರದ ಗುಳಿಗೆ, ಎಲ್ಲಕ್ಕೂ ಅವಳೊಬ್ಬಳೇ. ವಾರವೆಲ್ಲ ಅಲ್ಲಿಯೇ ಒಂದು ಕೋಣೆಯಲ್ಲಿ ಇರುತ್ತಿದ್ದಳು, ರವಿವಾರ ಬಸ್ಸು ಹತ್ತಿ ಇಳಕಲ್ಲಿಗೆ ಮನೆಗೆ ಬರುತ್ತಿದ್ದಳು. ಮದುವೆಯಾಗಿರಲಿಲ್ಲ. ಪವರ್‌ಲೂಮ್ ಸೀರೆ ಬಂದು ಅಪ್ಪನ ಕೈಮಗ್ಗ ನಿಂತ ಮೇಲೆ ಮನೆ ನಡೆಯುತ್ತಿದ್ದುದು ಅವಳ ಪಗಾರದ ಮೇಲೆ. ಅದನ್ನು ಅವಳು ಒಮ್ಮೆಯೂ ಆಡಿ ತೋರಿಸಿದವಳಲ್ಲ.

ನಾನು ಅವಳಿಗಿಂತ ಬಹಳ ಚಿಕ್ಕವಳು. ತೊಂಬತ್ತರ ದಶಕದ ಕೊನೆಯಲ್ಲಿ ಬಾಗಲಕೋಟೆಗೆ ಕಂಪ್ಯೂಟರ್ ಕಲಿಯಲು ಹೋಗುತ್ತಿದ್ದೆ. ಹಳೇ ಊರಿನ ತಗ್ಗಿನ ಓಣಿಗಳಿಗೆ ಅಣೆಕಟ್ಟಿನ ಹಿನ್ನೀರು ಬರುತ್ತಿದ್ದ ಕಾಲ ಅದು. ಕ್ಲಾಸು ಮುಗಿದ ಮೇಲೆ ಗೆಳತಿಯರೆಲ್ಲ ಸೇರಿ ನೀರು ನೋಡಲು ಹೋಗುತ್ತಿದ್ದೆವು. ಬಾಗಿಲು, ಚೌಕಟ್ಟು ಕಿತ್ತುಕೊಂಡು ಹೋದ ಮನೆಗಳ ಪಡಸಾಲೆಯಲ್ಲಿ ನೀರು ಸದ್ದಿಲ್ಲದೆ ನಿಂತಿರುತ್ತಿತ್ತು. ನಮಗದು ಒಂದು ಮೋಜು. ಊರು ಬಿಟ್ಟು ಹೋದವರು ಎಲ್ಲಿಗೆ ಹೋದರು, ಅಲ್ಲಿ ಹೇಗಿದ್ದಾರೆ ಎಂದು ನಾವ್ಯಾರೂ ಕೇಳಿಕೊಳ್ಳಲಿಲ್ಲ.

ಕೆಲವು ವರ್ಷಗಳ ನಂತರ ನಾನು ಇಳಕಲ್ಲಿನ ನಮ್ಮ ಮನೆಯಲ್ಲೇ, ಅಪ್ಪನ ಮಗ್ಗ ಇದ್ದ ಮುಂದಿನ ಕೋಣೆಯಲ್ಲಿ ಇಂಟರ್ನೆಟ್ ಅಂಗಡಿ ತೆರೆದೆ. ನೇಯುವವನು ಕಾಲು ಇಳಿಬಿಟ್ಟು ಕೂಡುವ ಮಗ್ಗದ ಕುಣಿಗೆ ಮಣ್ಣು ತುಂಬಿಸಿ, ಮೇಲೆ ಫರಸಿ ಹಾಸಿ, ಕಂಪ್ಯೂಟರ್ ಇಟ್ಟೆವು. ಅಪ್ಪ ಬೇಡ ಅನ್ನಲಿಲ್ಲ. ಮಣ್ಣು ಹಾಕುವ ದಿನ ಮಾತ್ರ ನೆಂಟರ ಮನೆಗೆಂದು ಗುಳೇದಗುಡ್ಡಕ್ಕೆ ಹೋಗಿಬಿಟ್ಟ. ಪರೀಕ್ಷೆಯ ಫಲಿತಾಂಶ ಬರುವ ದಿನ ಅಂಗಡಿಯ ಮುಂದೆ ಜಾತ್ರೆ ಕೂಡುತ್ತಿತ್ತು. ಉಳಿದ ದಿನ ಚಾಟ್ ಮಾಡುವ ಕಾಲೇಜು ಹುಡುಗರು, ಕೊಲ್ಲಿ ದೇಶದಲ್ಲಿದ್ದ ಮಗನಿಗೆ ಮೇಲ್ ಹಾಕಿಸಲು ಬರುವ ತಾಯಂದಿರು. ಕರೆಂಟು ಹೋದರೆ ಎಲ್ಲರೂ ಕಟ್ಟೆಯ ಮೇಲೆ ಬಂದು ಕೂಡುತ್ತಿದ್ದರು.

ಅಕ್ಕ ಕೆಲಸ ಮಾಡುತ್ತಿದ್ದ ಹಳ್ಳಿಯೂ ಹಿನ್ನೀರಿಗೆ ಸಿಕ್ಕು ಎತ್ತರದ ಜಾಗಕ್ಕೆ ಎದ್ದುಬಂದ ಊರು. ನಾನು ಹಲವು ಸಲ ಹೋಗಿದ್ದೇನೆ. ನೇರ ರಸ್ತೆಗಳು, ಒಂದೇ ಅಳತೆಯ ಜಾಗಗಳು, ಗಿಡವಿಲ್ಲದ ಬಯಲು. ಇಳಿಜಾರಿನ ಕೊನೆಗೆ ಕುರುಬರ ಓಣಿ. ಊರು ಬಿಡುವಾಗ ಅವರು ಬೀರಪ್ಪ ದೇವರನ್ನು ಡೊಳ್ಳು ಬಾರಿಸಿಕೊಂಡು ಹೊತ್ತು ತಂದು, ಓಣಿಯ ತುದಿಗೆ ಒಂದು ಸಣ್ಣ ಗುಡಿ ಕಟ್ಟಿಕೊಂಡಿದ್ದರು. ಊರಿಗೆ ನಳದ ನೀರು ಬಂದಿತ್ತು. ಆದರೆ ನೀರಿನ ಪೈಪು ಆ ಓಣಿಗೆ ಇಳಿಯುವಾಗ ಗಟಾರದ ಒಳಗೇ ಹಾಯ್ದು ಬರುತ್ತಿತ್ತು. ಬೇರೆ ಅಗೆಯುವ ಕೆಲಸ ಉಳಿಯಲೆಂದು ಹಾಗೆ ಹಾಕಿದ್ದರು. ಜೋಡು ಸಡಿಲವಾದಲ್ಲೆಲ್ಲ ಗಟಾರದ ನೀರು ಒಳಗೆ ಹೋಗುತ್ತಿತ್ತು.

ಒಂದು ಮಳೆಗಾಲದಲ್ಲಿ ಆ ಓಣಿಯಲ್ಲಿ ಕಾಮಣಿ ರೋಗ ಬಂತು. ಗಂಡಸರು, ಮಕ್ಕಳು ಹಳದಿಯಾಗಿ ಕೆಲವು ವಾರ ಮಲಗಿ ಎದ್ದರು. ಬಸುರಿಯರು ಏಳಲಿಲ್ಲ. ಮೊದಲು ಒಬ್ಬಳು ತವರಿಗೆ ಹೋಗಿ ಅಲ್ಲಿ ತೀರಿಕೊಂಡಳು. ಆಮೇಲೆ ಒಬ್ಬ ಕುರಿಗಾಹಿಯ ಹೆಂಡತಿಗೆ ದಿನ ತುಂಬುವ ಮೊದಲೇ ಬೇನೆ ಬಂತು. ಅಕ್ಕ ಹೋಗಿ ನೋಡಿದಾಗ ಅವಳ ಕಣ್ಣು ಅರಿಸಿನ ಕಲಸಿದಂತೆ ಇದ್ದವಂತೆ. ಜೀಪು ಬರುವಷ್ಟರಲ್ಲಿ ಉಪಕೇಂದ್ರದಲ್ಲೇ ಹೆರಿಗೆಯಾಯಿತು, ಹೆಣ್ಣು ಮಗು. ಮಗು ಅತ್ತಿತು. ತಾಯಿ ಬಾಗಲಕೋಟೆಯ ದಾರಿಯಲ್ಲಿ, ಅಮೀನಗಡ ದಾಟುತ್ತಿದ್ದಂತೆ, ಅಕ್ಕನ ತೊಡೆಯ ಮೇಲೆ ಪ್ರಾಣ ಬಿಟ್ಟಳು. ಆ ರವಿವಾರ ಅಕ್ಕ ಮನೆಗೆ ಬಂದವಳು ಊಟ ಮಾಡಲಿಲ್ಲ. ಅವ್ವ ಕೇಳಿದ್ದಕ್ಕೆ, "ಹಸಿವಿಲ್ಲಬೇ," ಅಂದಳು ಅಷ್ಟೇ.

ಅಕ್ಕ ತನ್ನ ಮೇಲಿನ ಡಾಕ್ಟರರಿಗೆ ಹೇಳಿದಳು. ಅವರು ಕೆಟ್ಟ ಮನುಷ್ಯರಲ್ಲ. ಖುದ್ದು ಬಂದು, ಗಟಾರದ ಪೈಪು ನೋಡಿ, ಮುಖ ಸಣ್ಣದು ಮಾಡಿಕೊಂಡರು. ಮರುದಿನ ಅಕ್ಕನನ್ನು ಕರೆಸಿ ಬಾಗಿಲು ಮುಂದೆ ಮಾಡಿ ಮಾತಾಡಿದರು.

"ಸಿಸ್ಟರ್, ನನಗೂ ಗೊತ್ತೈತಿ. ಆದ್ರ ಈ ಊರನ್ನ ಮಾದರಿ ಊರು ಅಂತ ತೋರಸಾಕ ಮಂತ್ರಿಗಳು ಬರಾವ್ರು ಅದಾರ. ಕಾಮಣಿ ಅನ್ನೋ ಮಾತು ಎಲ್ಲೂ ಬರಬಾರದು ಅಂತ ಮ್ಯಾಲಿಂದ ಹೇಳ್ಯಾರ. ಜ್ವರ ಅಂತ ಬರೀರಿ."

"ಸಾರ್, ಓಣ್ಯಾಗ ಇನ್ನೂ ಬಸುರಿ ಹೆಣ್ಮಕ್ಕಳು ಅದಾರ್ರಿ. ನೀರು ಕುದಿಸಿ ಕುಡೀರಿ ಅಂತ ಡಂಗುರಾನರ ಹೊಡಸೋಣು."

"ಡಂಗುರ ಹೊಡಸಿದ್ರ ಯಾಕ ಅಂತ ಕೇಳ್ತಾರ. ನೀವು ಮನಿ ಮನಿಗೆ ಹೋಗಿ ಹೇಳ್ರಿ. ಬಾಯಿಲೆ ಹೇಳ್ರಿ, ಯಾರ ಬ್ಯಾಡ ಅಂತಾರ?"

ಅಕ್ಕ ಮನೆ ಮನೆಗೆ ಹೋಗಿ ಹೇಳಿದಳು. ಆದರೆ ಪಂಚಾಯ್ತಿಯಿಂದ ಬಂದವರು ಅವಳ ಹಿಂದೆಯೇ ಅದೇ ಮನೆಗಳಿಗೆ ಹೋಗಿ, ನೀರು ಚೊಲೋ ಇದೆ, ನರ್ಸಮ್ಮ ಸುಮ್ಮನೆ ಹೆದರಿಸುತ್ತಾಳೆ ಎಂದು ಹೇಳಿ ಬಂದರು. ಕಟ್ಟಿಗೆ ಹೊಂದಿಸಿ ನೀರು ಕುದಿಸುವುದು ಯಾರಿಗೆ ತಾನೆ ಸುಲಭ? ಜನ ಅವರ ಮಾತನ್ನೇ ನಂಬಿದರು.

ಆಗ ಅಕ್ಕ ಬಾಗಲಕೋಟೆಗೆ ಹೋಗಿ ಒಂದು ಸಣ್ಣ ಪತ್ರಿಕೆಯವರನ್ನು ಕಂಡಳು. ನಾನೂ ಜೊತೆಗಿದ್ದೆ. ಸಂಪಾದಕರು ಚಹಾ ತರಿಸಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಕೊನೆಗೆ ಅಂದರು: "ತಂಗೀ, ಇದು ಖರೆ ಸುದ್ದಿ, ದೊಡ್ಡ ಸುದ್ದಿ. ಆದ್ರ ನನ್ನ ಪೇಪರ್ ನಡಿಯೋದು ಸರ್ಕಾರಿ ಜಾಹೀರಾತಿನ ಮ್ಯಾಲ. ಇದನ್ನ ಹಾಕಿದ ಮರುದಿನ ಅದು ಬಂದ್." ಬಾಗಿಲ ತನಕ ಬಂದು ಬೀಳ್ಕೊಟ್ಟರು. ಆ ಮರ್ಯಾದೆಯೇ ನಮಗೆ ಹೆಚ್ಚು ನೋಯಿಸಿತು.

ಬಸ್ಸಿನಲ್ಲಿ ಬರುವಾಗ ಬ್ಲಾಗಿನ ಮಾತು ತೆಗೆದವಳು ನಾನು. ಹಾಗೆಂದರೇನು ಎಂದು ಅಕ್ಕನಿಗೆ ಗೊತ್ತಿರಲಿಲ್ಲ. ಹೆಸರು ಹಾಕದೆ ಬರೆಯಬಹುದು, ಜಾಹೀರಾತು ಬೇಕಿಲ್ಲ, ಎಲ್ಲಿ ಬೇಕಾದರೂ ತೆರೆದು ಓದಬಹುದು ಎಂದೆ.

"ಯಾರ ಓದ್ತಾರ ಅದನ್ನ?" ಅಂದಳು.

"ಯಾರರ ಓದ್ತಾರ," ಅಂದೆ.

ಮುಂದಿನ ರವಿವಾರ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಇಬ್ಬರೂ ಕೂತೆವು. ಅಕ್ಕ ಹೇಳುವುದು, ನಾನು ಟೈಪು ಮಾಡುವುದು. ನಾನು ಪುಸ್ತಕದ ಭಾಷೆಯಲ್ಲಿ 'ಸದರಿ ಗ್ರಾಮದಲ್ಲಿ ಕಲುಷಿತ ನೀರು ಸರಬರಾಜಾಗುತ್ತಿದೆ' ಎಂದು ಹೊಡೆದೆ. ಅವಳು ಓದಿಸಿಕೊಂಡು, "ನಾ ಹಂಗ ಅಂದೇನು? ಅಂದಂಗ ಬರಿ," ಎಂದು ಅಳಿಸಿದಳು. ಆಮೇಲೆ ಹೇಳಿದ ಸಾಲುಗಳು ನನಗೆ ಇವತ್ತಿಗೂ ಬಾಯಿಗೆ ಬರುತ್ತವೆ. 'ಇವತ್ತ ನಳ ಬಿಟ್ಟಾರ. ನೀರಿಗೆ ವಾಸನಿ ಇಲ್ಲ, ಬಣ್ಣ ಇಲ್ಲ. ನೋಡಾಕ ಚೊಲೋ ಐತಿ. ಅದಕ್ಕ ಎಲ್ಲಾರೂ ಕುಡ್ಯಾಕತ್ತಾರ. ಬಸುರಿ ಹೆಣ್ಮಕ್ಕಳ ಕಣ್ಣು ನೋಡ್ರಿ, ನೀರಿನ ಬಣ್ಣ ಅಲ್ಲಿ ಐತಿ.'

ಅಕ್ಕನೊಳಗೆ ಇಂಥ ಮಾತು ಇದ್ದದ್ದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಬ್ಲಾಗಿಗೆ 'ನಮ್ಮ ಓಣಿ ನಳ' ಎಂದು ಹೆಸರಿಟ್ಟೆವು. ಮದುವೆ ಫೋಟೊ ತೆಗೆಯುವ ಪರಿಚಯದವರಿಂದ ಕ್ಯಾಮೆರಾ ಇಸಿದುಕೊಂಡು ನಾನೇ ಹಳ್ಳಿಗೆ ಹೋಗಿ ಪೈಪಿನ ಚಿತ್ರ ತೆಗೆದು ತಂದೆ. ಗಟಾರದ ಕರಿ ನೀರಿನೊಳಗೆ ಮುಳುಗಿದ ಪೈಪು, ಅದರ ಜೋಡಿನಿಂದ ಏಳುವ ಗುಳ್ಳೆಗಳು ಚಿತ್ರದಲ್ಲಿ ಸ್ಪಷ್ಟವಾಗಿ ಬಿದ್ದಿದ್ದವು.

ಮೊದಲು ಯಾರೂ ಓದಲಿಲ್ಲ. ಆಮೇಲೆ ದುಬೈಯಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಕಡೆಯವರೊಬ್ಬರು ಬ್ಲಾಗಿನ ಕೆಳಗೆ ಎರಡು ಸಾಲು ಬರೆದರು, ಅದು ತಮ್ಮ ಅಜ್ಜಿಯ ಊರು, ಹೀಗಾಗಿದ್ದು ಗೊತ್ತಿರಲಿಲ್ಲ ಎಂದು. ಅವರು ತಮ್ಮವರಿಗೆಲ್ಲ ಕಳಿಸಿದರು. ಯಾರೋ ಪ್ರಿಂಟು ತೆಗೆದು ಝೆರಾಕ್ಸ್ ಮಾಡಿ ಹಂಚಿದರು. ಬಸ್ಸಿನ ಕಂಡಕ್ಟರರ ಕೈಯಲ್ಲಿ, ಅಮೀನಗಡದ ಕರದಂಟಿನ ಅಂಗಡಿಯ ಕಟ್ಟೆಯ ಮೇಲೆ, ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ಆ ಹಾಳೆಗಳು ಓಡಾಡಿದವು. ಕಂಪ್ಯೂಟರ್ ಕಣ್ಣಿಂದ ನೋಡದವರೂ ಬ್ಲಾಗ್ ಓದಿದರು. ಒಂದು ಸಂಜೆ ಬೀರಪ್ಪನ ಗುಡಿಯ ಮುಂದೆ ಯಾರೋ ಅದನ್ನು ಗಟ್ಟಿಯಾಗಿ ಓದುತ್ತಿದ್ದರಂತೆ, ಅಕ್ಕ ದೂರದಲ್ಲಿ ನಿಂತು ಕೇಳಿದಳಂತೆ. ಬರೆದವರು ಯಾರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮರುದಿನದಿಂದ ಓಣಿಯ ಹೆಂಗಸರು ನೀರು ಕುದಿಸತೊಡಗಿದರು.

"ಪ್ರತಿ ಮನಿ ಒಲಿ ಮ್ಯಾಲೂ ನೀರಿನ ಗಡಿಗಿ ಇತ್ತು ನೋಡು," ಎಂದು ಅವಳು ಮನೆಗೆ ಬಂದು ಹೇಳುವಾಗ ಮುಖ ಅರಳಿತ್ತು. ಅವಳು ಅಷ್ಟು ಸಂತೋಷವಾಗಿದ್ದುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಆಮೇಲೂ ಕಾಣಲಿಲ್ಲ.

ಹೆಂಡತಿಯನ್ನು ಕಳೆದುಕೊಂಡ ಕುರಿಗಾಹಿಗೂ ಆ ಹಾಳೆಗಳಿಂದ ಧೈರ್ಯ ಬಂತು. ನನ್ನ ಹೆಂಡತಿ ಯಾಕೆ ಸತ್ತಳು, ವಿಚಾರಣೆ ಮಾಡಿರಿ ಎಂದು ಬಾಗಲಕೋಟೆಗೆ ಹೋಗಿ ಅರ್ಜಿ ಕೊಟ್ಟು ಬಂದ. ಪರಿಹಾರ ಕೇಳಿರಲಿಲ್ಲ. ಅವಳು ಜ್ವರದಿಂದ ಸತ್ತಳು ಎಂದು ದಾಖಲೆಯಲ್ಲಿ ಬರೆದಿದ್ದಾರಲ್ಲ, ಅದು ಸುಳ್ಳು ಎಂದು ಸರ್ಕಾರ ಒಪ್ಪಬೇಕು, ಅಷ್ಟೇ ಅವನಿಗೆ ಬೇಕಿದ್ದುದು.

ಮೊದಲು ಸರ್ಕಾರದವರು ಜೀಪಿಗೆ ಮೈಕು ಕಟ್ಟಿಕೊಂಡು ಬಂದು, ಸುಳ್ಳು ಸುದ್ದಿಗೆ ಕಿವಿಗೊಡಬೇಡಿ ಎಂದು ಸಾರಿದರು. ಹಾಗೆ ಸಾರಿದ ವಾರದಲ್ಲೇ ಕೂಲಿಯಾಳುಗಳನ್ನು ತಂದು, ಗಟಾರದ ಪೈಪು ಕಿತ್ತೊಗೆದು, ರಸ್ತೆಯ ಇನ್ನೊಂದು ಬದಿಗೆ ಹೊಸ ಪೈಪು ಹಾಕಿದರು. ಗದ್ದಲವಿಲ್ಲ, ಪೂಜೆಯಿಲ್ಲ. ಏನೂ ಆಗಿರಲೇ ಇಲ್ಲ ಎಂಬಂತೆ ಮಣ್ಣು ಮುಚ್ಚಿ ಹೋದರು. ನಾವು ಗೆದ್ದೆವು ಎಂದುಕೊಂಡೆವು. ಅಪ್ಪ ಅವ್ವನಿಗೆ ಹೇಳಿ ಹೋಳಿಗೆ ಮಾಡಿಸಿದ.

ಅದಾದ ಮೇಲೆ ಬ್ಲಾಗ್ ತೆರೆಯುವುದು ನಿಂತಿತು. ನನ್ನ ಅಂಗಡಿಯಲ್ಲಿ ಬಿಳಿ ಪರದೆ ಅಷ್ಟೇ ಬರುತ್ತಿತ್ತು. ಲೈನು ಕೆಟ್ಟಿದೆ ಎಂದುಕೊಂಡು ಟೆಲಿಫೋನ್ ಆಫೀಸಿಗೆ ಹೋದೆ. ಲೈನು ಸರಿಯಿದೆ ಎಂದರು. ಆಗ ದುಬೈಯವರ ಮೇಲ್ ಬಂತು: ಇಲ್ಲಿ ತೆರೆಯುತ್ತಿದೆ, ಊರಲ್ಲಿ ತೆರೆಯುತ್ತಿಲ್ಲ ಎನ್ನುತ್ತಿದ್ದಾರಲ್ಲ, ಯಾಕೆ? ನಮ್ಮ ಊರಿನ ನಳದ ಸುದ್ದಿಯನ್ನು ಸಮುದ್ರದ ಆಚೆ ಓದಬಹುದಿತ್ತು, ನಮ್ಮ ಊರಿನಲ್ಲಿ ಓದುವಂತಿರಲಿಲ್ಲ. ಯಾರು ತಡೆದರು, ಯಾವ ಆದೇಶದ ಮೇಲೆ ತಡೆದರು ಎಂದು ನಮಗೆ ಯಾರೂ ಹೇಳಲಿಲ್ಲ, ಇವತ್ತಿಗೂ ಗೊತ್ತಿಲ್ಲ.

ಸ್ವಲ್ಪ ದಿನಕ್ಕೆ ಒಬ್ಬ ಪೊಲೀಸ್ ಅಧಿಕಾರಿ ಅಂಗಡಿಗೆ ಬಂದರು. ಚಾಟ್ ಮಾಡುತ್ತಿದ್ದ ಹುಡುಗರು ಎದ್ದು ಹೋದರು. ಅವರು ಒಂದು ಕುರ್ಚಿ ಎಳೆದುಕೊಂಡು ಕೂತರು.

"ಏನವಾ, ಈ ಅಂಗಡಿ ನಿಂದೇನು?"

"ಹೌದ್ರಿ."

"ಆ ನಳದ ಸುದ್ದಿ ಇಲ್ಲಿಂದ ಹೋಗೇತಿ. ಯಾವ ಡಬ್ಬಿಂದ ಹೋತು ಅನ್ನೋದೂ ಗೊತ್ತಾಗೇತಿ. ಬರದವ್ರು ಯಾರು, ಹೇಳಿಬಿಡು."

"ಯಾರ್ಯಾರೋ ಬರ್ತಾರ ಹೋಗ್ತಾರ್ರಿ ಸಾಹೇಬ್ರ. ಎಲ್ಲಾರ ಹೆಸರ ಕೇಳಾಕ ಆಗೂದಿಲ್ಲ."

"ಇನ್ ಮ್ಯಾಲೆ ಕೇಳಬೇಕು. ಗುರುತಿನ ಚೀಟಿ ಇಲ್ಲದ ಒಬ್ಬರನ್ನೂ ಕುಂದ್ರಸಬ್ಯಾಡ. ಅದು ಮುಂದಿನ ಮಾತು. ಈಗಿಂದ ಹೇಳು. ಹೇಳಲಿಲ್ಲಂದ್ರ ಡಬ್ಬಿ ಎಲ್ಲಾ ಒಯ್ತೇವಿ. ಜನರೊಳಗ ಹೆದರಿಕಿ ಹುಟ್ಟಿಸಿದ್ದಕ್ಕ ಕೇಸು, ಅದೂ ನಿನ್ನ ಹೆಸರಿಗೇ."

ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಎದ್ದು ಒಳಗೆ ಬಂದ. "ಸಾಹೇಬ್ರ, ಅದರಾಗ ಬರದದ್ದು ಸುಳ್ಳ ಏನೈತ್ರಿ? ಪೈಪ್ ಬದಲಿ ಮಾಡ್ಯಾರಲ್ಲ ಈಗ?"

ಅವರು ಅಪ್ಪನ ಮೇಲೆ ಸಿಟ್ಟಾಗಲಿಲ್ಲ. "ಯಜಮಾನ್ರ, ಖರೇನೋ ಸುಳ್ಳೋ ಅದು ನನಗ ಸಂಬಂಧ ಇಲ್ಲ. ಮ್ಯಾಲಿಂದ ಹೇಳ್ಯಾರ, ಬಂದೇನಿ. ಮಗಳಿಗೆ ಬುದ್ಧಿ ಹೇಳ್ರಿ," ಎಂದು ಎದ್ದು ಹೋದರು.

ನಾನು ಹೇಳುವವಳಲ್ಲ ಎಂದು ಗಟ್ಟಿ ಮಾಡಿಕೊಂಡಿದ್ದೆ. ಆದರೆ ಅವ್ವ ಹೆದರಿ ಅಕ್ಕನಿಗೆ ಫೋನು ಮಾಡಿಸಿದ್ದಳು. ಅಕ್ಕ ಮರುದಿನ ಮೊದಲು ಮನೆಗೆ ಬರಲಿಲ್ಲ. ಹಳ್ಳಿಯಿಂದ ಹುನಗುಂದಕ್ಕೆ, ಅಲ್ಲಿಂದ ನೇರ ಬಾಗಲಕೋಟೆಗೆ ಹೋಗಿ, ತನ್ನ ಇಲಾಖೆಯ ದೊಡ್ಡ ಅಧಿಕಾರಿಯ ಮುಂದೆ ನಿಂತು, ಬರೆದವಳು ನಾನು, ನನ್ನ ತಂಗಿಗೆ ಇದರಲ್ಲಿ ಏನೂ ಗೊತ್ತಿಲ್ಲ ಎಂದು ಹೇಳಿಬಿಟ್ಟಳು. ಸಂಜೆ ಮನೆಗೆ ಬಂದಾಗ ಅವಳನ್ನು ಕೆಲಸದಿಂದ ಅಮಾನತು ಮಾಡಿದ್ದರು.

"ನನ್ನ ಯಾಕ ಕೇಳಲಿಲ್ಲ ನೀ?" ಎಂದು ಕೂಗಾಡಿದೆ.

"ಕೇಳಿದ್ರ ನೀ ಬ್ಯಾಡ ಅಂತಿದ್ದಿ," ಅಂದಳು.

ಆ ಮಳೆಗಾಲ ಕಳೆದು ಚಳಿ ಬಂದರೂ ಅಕ್ಕ ಮನೆಯಲ್ಲೇ ಇದ್ದಳು. ಓಣಿಯವರು ಏನಾಯಿತೆಂದು ಕೇಳಿದರೆ ಅವ್ವ, ಮೈಯಲ್ಲಿ ಹುಷಾರಿಲ್ಲ ಎನ್ನುತ್ತಿದ್ದಳು. ಡಾಕ್ಟರರು ಒಮ್ಮೆ ಯಾರಿಗೂ ಹೇಳದೆ ನಮ್ಮ ಮನೆಗೆ ಬಂದರು. ಮಂಜಾಗುತ್ತಿದ್ದ ಅಪ್ಪನ ಕಣ್ಣು ನೋಡಿ ಔಷಧ ಬರೆದುಕೊಟ್ಟರು. ಹೋಗುವಾಗ ಅಕ್ಕನ ಹತ್ತಿರ, "ನಾನೂ ನಿಮ್ಮ ಹಂಗ ಬರೀಬೇಕಿತ್ತು ಸಿಸ್ಟರ್. ಬರೀಲಿಲ್ಲ," ಎಂದು ತಲೆ ತಗ್ಗಿಸಿ ಹೋದರು.

ಕೊನೆಗೆ ಬಾಗಲಕೋಟೆಗೆ ಕರೆಬಂತು. ಅಧಿಕಾರಿಗಳು ಅಕ್ಕನನ್ನು ಕೂಡಿಸಿ ಸಮಾಧಾನವಾಗಿಯೇ ಮಾತಾಡಿದರಂತೆ. ಸರ್ಕಾರಿ ನೌಕರರು ಸರ್ಕಾರದ ವಿರುದ್ಧ ಬರೆಯುವಂತಿಲ್ಲ, ಇದು ನಿಯಮ. ಕೆಲಸ ಹೋಗಬಹುದು. ತಂಗಿಯ ಮೇಲೂ ಕೇಸು ಆಗುತ್ತದೆ, ಕಂಪ್ಯೂಟರ್ ಅವಳದು, ಚಿತ್ರ ತೆಗೆದವಳು ಅವಳು, ಎಲ್ಲ ಗೊತ್ತಾಗಿದೆ. ಇಲ್ಲವೆಂದರೆ ಒಂದು ದಾರಿ ಇದೆ. ಬ್ಲಾಗ್ ಅಳಿಸಬೇಕು. ಊರಿನಲ್ಲಿ ಕಾಮಣಿ ಇರಲಿಲ್ಲ, ತಾನು ತಪ್ಪು ತಿಳಿದು ಸುಳ್ಳು ಬರೆದೆ, ಕ್ಷಮಿಸಿ ಎಂದು ಬರೆದುಕೊಡಬೇಕು. ಹಾಗೆ ಮಾಡಿದರೆ ಬೇರೆ ಕಡೆಗೆ ವರ್ಗ ಮಾಡಿ ಕೆಲಸ ಕೊಡುತ್ತಾರೆ, ಕೇಸೂ ಇಲ್ಲ.

ಅವತ್ತು ಮನೆಯಲ್ಲಿ ನಾವು ನಾಲ್ವರೂ ಬಹಳ ಹೊತ್ತು ಕೂತೆವು. ಅಪ್ಪ, "ಬರದ ಕೊಡಬ್ಯಾಡ. ನೌಕರಿ ಹೋದ್ರ ಹೋಗ್ಲಿ, ನಾ ಮತ್ತ ಕೂಲಿ ಮಗ್ಗಕ್ಕ ಕುಂದ್ರತೇನಿ," ಅಂದ. ಎದುರಿಗಿದ್ದವರ ಮುಖ ಗುರುತಿಸಲು ಅವನಿಗೆ ಆಗುತ್ತಿರಲಿಲ್ಲ, ಎಳೆ ಹೇಗೆ ಕಾಣಬೇಕು? ನಾನು ಕೇಸು ಆದರೆ ಆಗಲಿ ಎಂದೆ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅಕ್ಕ ನಮ್ಮನ್ನೆಲ್ಲ ಒಮ್ಮೆ ನೋಡಿದಳು.

"ಪೈಪ್ ಬದಲಿ ಆಗೇತಿ. ಜನ ಚೊಲೋ ನೀರು ಕುಡ್ಯಾಕತ್ತಾರ. ನಾ ಬರದದ್ದು ಅದಕ್ಕ. ಇನ್ನ ನನ್ನ ಮಾತು ಸುಳ್ಳಾದ್ರ ಆಗ್ಲಿ, ಯಾರಿಗೆ ಏನು ಲುಕ್ಸಾನ ಐತಿ?" ಅಂದಳು.

ಯಾರಿಗೂ ನಷ್ಟವಿಲ್ಲ ಎಂದು ಆ ಹೊತ್ತಿನಲ್ಲಿ ನಮಗೆಲ್ಲರಿಗೂ ಅನ್ನಿಸಿತ್ತು. ಅದು ಹಾಗಿರಲಿಲ್ಲ.

ಬರೆದುಕೊಟ್ಟು ಬಂದ ಮೇಲೆ ಅಂಗಡಿಯಲ್ಲಿ ಕೂತು ಅವಳೇ ಬ್ಲಾಗ್ ಅಳಿಸಿದಳು. ಬ್ಲಾಗಿಗೆ ಬರೆಯುವ, ಅಳಿಸುವ ಪುಟ ಮಾತ್ರ ಅಲ್ಲಿಯೂ ತೆರೆಯುತ್ತಿತ್ತು, ಓದುವ ಪುಟ ಮುಚ್ಚಿತ್ತು. ಒಂದು ಪ್ರತಿ ಇಟ್ಟುಕೊಳ್ಳೋಣ ಎಂದೆ. "ಬ್ಯಾಡ. ಇಟ್ಟುಕೊಂಡಿಲ್ಲ ಅಂತನೂ ಬರದ ಕೊಟ್ಟೇನಿ," ಅಂದಳು. ಖಚಿತವಾಗಿ ಅಳಿಸಬೇಕೇ ಎಂದು ಪರದೆ ಕೇಳಿತು. ಅವಳು ಮೌಸ್ ಹಿಡಿದು ಒತ್ತಿದಳು. ಅವಳ ಮಾತಿನ ಜೊತೆಗೆ ಕೆಳಗೆ ಜನ ಬರೆದಿದ್ದ ಮಾತೂ ಹೋಯಿತು.

ಅಕ್ಕನಿಗೆ ಬಾದಾಮಿ ಕಡೆಗೆ ವರ್ಗವಾಯಿತು. ಅವಳು ಸಾಮಾನು ಕಟ್ಟುತ್ತಿರುವಾಗಲೇ ಆ ಹಳ್ಳಿಯಲ್ಲಿ ಮಂತ್ರಿಗಳ ಕಾರ್ಯಕ್ರಮ ನಡೆಯಿತು. ಪೆಂಡಾಲು ಹಾಕಿದ್ದರು, ಊರಿನವರನ್ನೆಲ್ಲ ಕೂಡಿಸಿದ್ದರು. ಮಂತ್ರಿಗಳು ಬರುವ ಮೊದಲು ಒಬ್ಬ ಅಧಿಕಾರಿ ಮೈಕಿನ ಮುಂದೆ ನಿಂತು, ಈ ಊರಿನ ಬಗ್ಗೆ ಸುಳ್ಳು ಹಬ್ಬಿಸಿದವರೇ ತಪ್ಪು ಒಪ್ಪಿಕೊಂಡಿದ್ದಾರೆ ಎಂದು ಅಕ್ಕನ ಕ್ಷಮಾಪಣೆಯನ್ನು, ಅವಳ ಹೆಸರು ಹೇಳಿ, ಪೂರ್ತಿ ಓದಿದರು. ಬರೆದವಳು ನರ್ಸಮ್ಮ ಎಂದು ಊರಿಗೆ ಗೊತ್ತಾದದ್ದು ಹಾಗೆ.

ಮಾರನೆಯ ದಿನ ಕುರಿಗಾಹಿ ನಮ್ಮ ಮನೆ ಹುಡುಕಿಕೊಂಡು ಬಂದ. ಹೆಗಲ ಮೇಲೆ ಕಂಬಳಿ, ತಲೆಗೆ ರುಮಾಲು. ಇನ್ನೂ ಮೂವತ್ತು ತುಂಬದ ಮನುಷ್ಯ. ಒಳಗೆ ಬಾ ಎಂದರೂ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತ. ಅವ್ವ ತಂಬಿಗೆಯಲ್ಲಿ ನೀರು ತಂದು ಕೊಟ್ಟರೆ ಇಸಿದುಕೊಂಡು ಪಕ್ಕಕ್ಕೆ ಇಟ್ಟ. ಅಕ್ಕ ಬಂದು ಬಾಗಿಲಲ್ಲಿ ನಿಂತಳು.

"ಅಕ್ಕಾರ, ಗುಡಿ ಮುಂದ ಓದಿದ್ರಲ್ಲ, ಆ ಹಾಳಿ ನೀವ ಬರದದ್ದು ಅಂತ ನನಗ ನಿನ್ನಿ ಗೊತ್ತಾತ್ರಿ."

"ಹೌದಪ್ಪಾ."

"ಅವತ್ತ ಬರದದ್ದು ಖರೇನ್ರಿ?"

"ಖರೆ."

"ಮತ್ತ ನಿನ್ನಿ ಓದಿದ್ದು?"

ಅವನು ಸಿಟ್ಟಿನಿಂದ ಕೇಳಿದ್ದರೆ ಚೆನ್ನಾಗಿತ್ತು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಬಂದಿದ್ದ.

"ನನ್ನ ಅರ್ಜಿ ಮುಚ್ಚಿಬಿಟ್ಟಾರ್ರಿ. ನಿಮ್ಮ ನರ್ಸಬಾಯಿನ ಬರದ ಕೊಟ್ಟಾಳ ಕಾಮಣಿ ಇದ್ದಿಲ್ಲ ಅಂತ, ಇನ್ನೇನು ವಿಚಾರಣೆ ಅಂದ್ರು. ನನ್ನ ಹೇಣ್ತಿ ಕಣ್ಣ ನೀವ ನೋಡಿದ್ರಿ. ನಿಮ್ಮ ತೊಡಿ ಮ್ಯಾಲೇ ಹೋದಳು ಆಕಿ. ನೀವ ಇಲ್ಲ ಅಂದ ಮ್ಯಾಲೆ, ನಾ ಹೌದಂದ್ರ ಯಾರ ಕೇಳ್ತಾರ್ರಿ?"

"ನನಗ ನೌಕರಿ... ತಂಗಿ ಮ್ಯಾಲೆ ಕೇಸು ಅಂದ್ರಪ್ಪಾ..." ಎಂದು ಅಕ್ಕ ಶುರುಮಾಡಿ ಅಲ್ಲಿಗೇ ನಿಲ್ಲಿಸಿದಳು.

ಅವನು ನನ್ನ ಕಡೆ ನೋಡಿದ. ಅಂಗಡಿಯ ಕಡೆ ನೋಡಿದ. "ಆತ ಬಿಡ್ರಿ. ನಿಮ್ಮ ಅಡಚಣಿ ನಿಮಗ ಇರ್ತಾವ," ಅಂದ. ಕೈ ಮುಗಿದು ಹೊರಟ. ಬಿಸಿಲಿನಲ್ಲಿ ಓಣಿಯ ತಿರುವಿನ ತನಕ ಅವನು ನಡೆದು ಹೋಗುವುದನ್ನು ನಾವು ನೋಡುತ್ತ ನಿಂತೆವು. ಅಕ್ಕ ಅವನ ಹಿಂದೆ ಕೆಲವು ಹೆಜ್ಜೆ ಓಡಿ, ಮತ್ತೆ ನಿಂತು, ತಿರುಗಿ ಬಂದಳು. ಆ ದಿನ ಅವಳು ಅತ್ತದ್ದನ್ನು ಕೇಳಲಾರದೆ ಅಪ್ಪ ಎದ್ದು ಹೊರಗೆ ಹೋದ.

ಬಾದಾಮಿ ಕಡೆಗೆ ಹೋದ ಅಕ್ಕ ಶಿವಯೋಗ ಮಂದಿರದ ಆಸುಪಾಸಿನ ಹಳ್ಳಿಗಳಲ್ಲಿ ಕೆಲಸ ಮಾಡಿದಳು. ಮಲಪ್ರಭೆಯ ದಂಡೆ, ಒಳ್ಳೆಯ ಜನ, ಊರಿನ ತುಂಬ ಗಿಡ. ಕೆಲಸದಲ್ಲಿ ಯಾವ ಕೊರತೆಯನ್ನೂ ಮಾಡಲಿಲ್ಲ. ನಾನು ಹೋದಾಗಲೆಲ್ಲ, ಇಲ್ಲಿನ ಸುದ್ದಿ ಏನಾದರೂ ಬರೆಯೋಣವೇ ಎಂದು ಮೊದಮೊದಲು ಕೇಳುತ್ತಿದ್ದೆ. ಮಾತು ಬದಲಿಸುತ್ತಿದ್ದಳು. ಮಾತೇ ಕಡಿಮೆಯಾಯಿತು. ಹಿಂದೆ ಬಸ್ಸಿನಲ್ಲಿ ಕಂಡದ್ದು, ಹೆರಿಗೆ ಮನೆಯಲ್ಲಿ ಕೇಳಿದ್ದು ಎಲ್ಲವನ್ನೂ ಬಣ್ಣಕಟ್ಟಿ ಹೇಳುತ್ತಿದ್ದವಳು, ಈಗ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವಂತಾದಳು.

ಎರಡೋ ಮೂರೋ ವರ್ಷದ ಮೇಲೆ, ಪೋಲಿಯೊ ಹನಿ ಹಾಕುವ ಒಂದು ರವಿವಾರ, ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ಹಿಂಡು ತರುಬಿ ನಿಲ್ಲಿಸಿದ್ದರು. ಹೊಲದಲ್ಲಿ ಬಿಡಾರ ಮಾಡಿದವರ ಮಕ್ಕಳು ತಪ್ಪಿಹೋಗಬಾರದೆಂದು ಅಕ್ಕ ಹನಿಯ ಡಬ್ಬಿ ಹಿಡಿದು ಅಲ್ಲಿಗೇ ಹೋದಳು. ಅಲ್ಲಿ ಆ ಕುರಿಗಾಹಿ ಇದ್ದ. ಅವನ ತಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಆಕೆಯ ಸೆರಗು ಹಿಡಿದುಕೊಂಡು ಪುಟ್ಟ ಹುಡುಗಿಯೊಂದು ನಿಂತಿತ್ತು.

ಅವನು ಅಕ್ಕನನ್ನು ಕಂಡವನೇ ಎದ್ದು ನಿಂತನಂತೆ. ಮಗುವನ್ನು ಎತ್ತಿಕೊಂಡು, "ಬಾಯಿ ತಗಿಯವಾ, ಅಕ್ಕಾರು ಹನಿ ಹಾಕ್ತಾರ. ನೀ ಹುಟ್ಟಿದಾಗ ನಿನ್ನ ಮೊದಲ ಎತ್ತಿಕೊಂಡಾವ್ರು ಇವರ," ಎಂದನಂತೆ. ಅಕ್ಕ ಹನಿ ಹಾಕಿ, ಕಿರುಬೆರಳಿಗೆ ಶಾಯಿ ಹಚ್ಚಿದಳು. ಹೇಳಬೇಕೆಂದು ಇಷ್ಟು ವರ್ಷ ಕಟ್ಟಿಕೊಂಡ ಮಾತು ತುಟಿಯ ತನಕ ಬಂತು. "ಅವತ್ತ ನಾನು..." ಎನ್ನುವಷ್ಟರಲ್ಲಿ ಅವನು, "ಕುಂದರ್ರಿ, ಬಿಸಿ ರೊಟ್ಟಿ ಅದಾವ, ಹಾಲು ಐತಿ," ಎಂದು ಕಂಬಳಿ ಹಾಸಿದ. ಅವಳು ಕೂತು ಉಂಡಳು. ಮಳೆ, ಮೇವು, ಕುರಿಗೆ ಬಂದ ಕಾಲುಬೇನೆ, ಇಂಥ ಮಾತೇ ಆದವು. ಅವನು ಕ್ಷಮಿಸಿದನೋ, ಆ ಮಾತೇ ಬೇಡವೆಂದು ತಡೆದನೋ ಅಕ್ಕನಿಗೆ ತಿಳಿಯಲಿಲ್ಲ. ಕೇಳಲೂ ಆಗಲಿಲ್ಲ.

"ಬೈದಿದ್ರ ಹಗುರ ಆಕ್ಕಿತ್ತು," ಎಂದು ನನಗೆ ಹೇಳಿದಳು.

ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ನನ್ನ ಅಂಗಡಿ ನಿಂತಿತು. ಅಪ್ಪ ಅವ್ವ ತೀರಿಕೊಂಡರು. ಅಕ್ಕ ನಿವೃತ್ತಳಾಗಿ ಇಳಕಲ್ಲಿಗೆ ಬಂದು ನನ್ನ ಜೊತೆಗಿದ್ದಾಳೆ. ಅವಳ ಮೇಲೆ ಈಗ ಯಾವ ನಿಯಮವೂ ಇಲ್ಲ, ಯಾರ ಹಂಗೂ ಇಲ್ಲ. ಮೊನ್ನೆ ಮತ್ತೆ ಕೇಳಿದೆ.

"ಈಗರ ಬರಿ ಅಕ್ಕಾ. ನೀ ಹೇಳು, ನಾ ಟೈಪ್ ಮಾಡ್ತೇನಿ. ಆ ಊರಿಂದ ಸುರು ಮಾಡೋಣು."

"ಆ ಊರಾಗ ನಾ ಸುಳ್ಳ ಬರದಾಕಿ ಅಂತ ಮೈಕಿನ್ಯಾಗ ಓದ್ಯಾರ. ನಾನ ಸಹಿ ಮಾಡಿ ಕೊಟ್ಟೇನಿ. ಈಗ ಮತ್ತ ಖರೆ ಅಂತ ಬರದ್ರ, ಯಾವುದು ನಂಬಬೇಕವರು?"

ಅವಳು ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಪಕ್ಕದ ಮನೆಯ ಸೊಸೆಗೆ ಏಳು ತಿಂಗಳು, ಕಾಲು ಬಾತಿವೆ ಎಂದು ಬೆಳಿಗ್ಗೆ ಹೇಳಿ ಕಳಿಸಿದ್ದರು. ನೋಡಿ ಬರುತ್ತೇನೆ ಎಂದು ಹೋದಳು.